ಹಿತ್ತಾಳೆ ತಟ್ಟೆಯ ಅಡಿಯಲ್ಲಿ

“ನಕಲಿ ಅನ್ನಿಸಿದ್ರೆ ಮುಲಾಜಿಲ್ಲದೆ ಹೇಳಿಬಿಡಮ್ಮ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ,” ಎಂದು ಥರ್ಮನ್ ಕೆಲ್ಸೊ ರೈಫಲನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

ಎಲ್ಲರೂ ಹೀಗೇ ಹೇಳುತ್ತಾರೆ. ಶೆರಿಡನ್ ಪಟ್ಟಣದಲ್ಲಿ ಹಳೆಯ ಬಂದೂಕುಗಳ ಅಂಗಡಿಯಿಟ್ಟ ಆರು ವರ್ಷಗಳಲ್ಲಿ, ನಕಲಿ ಎಂದ ಮರುಕ್ಷಣ ಗಟ್ಟಿ ಗಂಡಸರು ಕುರ್ಚಿಗಾಗಿ ತಡಕಾಡಿದ್ದನ್ನು ಲೋರ್ನಾ ಕಂಡಿದ್ದಳು.

ಆದರೆ ಕೆಲ್ಸೊ ಅವಳ ಬಳಿ ಬಂದದ್ದೇ ಸೋಜಿಗ. ಮನೆಯಲ್ಲಿ ನಲವತ್ತು ಹಳೆಯ ರೈಫಲ್‌ಗಳಿಟ್ಟವನು. ಜಿಲ್ಲೆಯ ಸಂಗ್ರಾಹಕರೆಲ್ಲ ಅವನ ಕಣ್ಣನ್ನು ನಂಬಿದವರು.

“ತಾತ ಕೊಂಡದ್ದು. ಹನ್ನೊಂದು ವರ್ಷದ ಹಿಂದೆ ಹೊಸದು ಮಾಡಿಸೋಕೆ ಹೋಯ್ತು, ಬಂದಿದ್ದು ಇದು. ಒಂದು ಗೀರಿಲ್ಲ. ಕೆತ್ತನೇಲಿ ಜಿಂಕೆ ಕಣ್ಣೇ ಬೇರೆ. ನಮ್ಮದನ್ನ ಮಾರ್ಕೊಂಡು ಇದನ್ನ ತಂದಿಟ್ಟಿದಾನೆ ಅಂತ ನೋಡಿದ ತಕ್ಷಣ ಅಂದೆ.”

“ಯಾರು?”

“ತಂದವನು.”

“ಮರೆಯಲ್ಲಿ ಗುರುತೇನಾದ್ರೂ ಇದೆಯಾ?”

“ಹಿಡಿ ತುದೀಲಿ ಹಿತ್ತಾಳೆ ತಟ್ಟೆ ಇದೆಯಲ್ಲ, ಅದರಡಿ ಮರದಲ್ಲಿ ತಾತ ನಮ್ಮಜ್ಜಿ ಹೆಸರು ಕೆತ್ತಿದ್ದ. ಓಪಲ್ ಅಂತ.”

“ಎರಡು ಸ್ಕ್ರೂ ಅಷ್ಟೇ. ಇಷ್ಟು ವರ್ಷ ಬಿಚ್ಚಿ ನೋಡಲಿಲ್ವಾ?”

“ಸ್ಕ್ರೂಡ್ರೈವರ್ ಬೇಕು ಅನ್ನೋನಿಗೆ ಬಂದೂಕು ಗೊತ್ತಿಲ್ಲ ಅಂತಲೇ ಅರ್ಥ.”

“ಅಲ್ಲಿಗೆ ನನಗೂ ಗೊತ್ತಿಲ್ಲ ಅಂತಾಯ್ತು!”

ಮುದುಕ ನಗಲಿಲ್ಲ. ಲೋರ್ನಾಗೆ ಈ ಜಾತಿಯ ಸಂಗ್ರಾಹಕರು ಗೊತ್ತು. ಸ್ಕ್ರೂವಿನ ತಲೆಗೆ ಗೀರು ಬಿದ್ದರೆ ಬಂದೂಕಿನ ಮಾನವೇ ಹೋಯಿತೆನ್ನುವವರು. ಬರೀ ಕಣ್ಣಲ್ಲಿ ನೋಡಿ ಹೇಳಲಾಗದೆ ಬಿಚ್ಚಿ ನೋಡಿದರೆ ತಮ್ಮ ಮಾನವೂ.

ಅವಳು ತುಟಿ ಕಚ್ಚಿಕೊಂಡು ಮೊದಲ ಸ್ಕ್ರೂ ಸಡಿಲಿಸಿದಳು. ಥರ್ಮನ್ ಕಿಟಕಿಯ ಕಡೆ ತಿರುಗಿ ನಿಂತ.

“ಈಗಿನೋರು ಹಳೇ ಕೆತ್ತನೇನೂ ನಕಲು ಮಾಡ್ತಾರೆ, ಅಲ್ವಾ?”

“ಮಾಡ್ತಾರೆ. ನಾನೇ ಮೂರು ಹಿಡಿದಿದೀನಿ.”

“ಹಾಗಾದ್ರೆ ಸರಿಯಾಗಿ ನೋಡು.”

ತಟ್ಟೆ ಬಿಟ್ಟುಕೊಂಡಿತು. ಚಾಕುವಿನಲ್ಲಿ ಕೊರೆದ ಸೊಟ್ಟ ಅಕ್ಷರಗಳು. ಲೋರ್ನಾ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. ಅಕ್ಷರಗಳ ತಳದವರೆಗೂ ಎಣ್ಣೆ ಇಳಿದು ಮರ ಕಪ್ಪಾಗಿ ಕಲ್ಲಿನಂತಾಗಿತ್ತು. ನೂರು ವರ್ಷವಿಲ್ಲದೆ ಈ ಕಪ್ಪು ಬರುವುದಿಲ್ಲ. ಯಾವ ಕಸುಬುದಾರನಿಗೂ ಇದು ಸಾಧ್ಯವಿಲ್ಲ.

ಒಳ್ಳೆಯ ಸುದ್ದಿ ಹೇಳುವ ಯೋಗ ಅವಳಿಗೆ ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು.

“ಯಜಮಾನ್ರೇ, ಬನ್ನಿ ಇಲ್ಲಿ! ನಿಮ್ಮ ತಾತನದೇ. ಯಾರೂ ಏನೂ ಬದಲಾಯಿಸಿಲ್ಲ. ತಿಕ್ಕಿ ಹೊಳಪು ಕೊಟ್ಟವನು ಜಿಂಕೆ ಕಣ್ಣನ್ನ ಸ್ವಲ್ಪ ಆಳ ಮಾಡಿದಾನೆ, ಅಷ್ಟೇ.”

“ಇನ್ನೊಂದ್ಸಲ ನೋಡು.”

“ನೋಡ್ದೆ.”

“ಇನ್ನೊಂದ್ಸಲ ನೋಡಮ್ಮಾ.”

ಅವನ ಕೈ ಕುರ್ಚಿಯ ಬೆನ್ನಿಗಾಗಿ ತಡಕಾಡಿತು. ಸಂತೋಷಕ್ಕೂ ಹೀಗಾಗುತ್ತದೆ ಎಂದುಕೊಂಡು ಲೋರ್ನಾ ಕಾಫಿ ಬಗ್ಗಿಸಿ ಮುಂದಿಟ್ಟಳು.

“ಮೊದಲು ಅದನ್ನ ತಂದವರಿಗೆ ಒಂದು ಫೋನ್ ಮಾಡಿ. ಪಾಪ, ಹನ್ನೊಂದು ವರ್ಷ ಕಳ್ಳ ಅನ್ನಿಸ್ಕೊಂಡಿದಾರೆ.”

ಥರ್ಮನ್ ಓಪಲ್ ಎಂಬ ಅಕ್ಷರಗಳ ಮೇಲೆ ಬೆರಳಾಡಿಸಿದ.

“ಅಪ್ಪಾ, ಬಿಚ್ಚಿ ನೋಡು, ಒಂದೇ ಒಂದ್ಸಲ ಬಿಚ್ಚಿ ನೋಡು ಅಂತ ಬಾಗಿಲಾಚೆ ನಿಂತು ಕೂಗ್ತಿದ್ದ,” ಎಂದ. “ಮಂಗಳವಾರ ಅವನನ್ನ ಮಣ್ಣು ಮಾಡಿ ಬಂದ್ವಿ.”