ಒನೊದೆರಾ ಬಾಯಿ ಬಿಡಲಿಲ್ಲ

"ಅಮ್ಮನಿಗೆ ಎಂಬತ್ತೆಂಟು ತುಂಬ್ತು. ಆ ಮರದ ಕೆಳಗೇ ಕೂತು ಹೂ ನೋಡಬೇಕಂತೆ. ಜಾಗ ಕಳಕೊಂಡ್ರೆ ಮನೆ ಕಡೆ ತಲೆ ಹಾಕ್ಬೇಡಿ!" ಫೋನಿನಲ್ಲಿ ಹೆಂಡತಿ ಫುಸಾಎ ಮೂರನೇ ಸಲ ಹೇಳಿದಳು.

ತೆತ್ಸುಜಿ ಬೆಳಗಿನ ಐದಕ್ಕೇ ಬಂದು, ಗುಡಿಯ ಹಳೆಯ ಚೆರ್ರಿ ಮರದಡಿ ನೀಲಿ ತಾಡಪಾಲು ಹಾಸಿ, ಬೂಟು ಬಿಚ್ಚಿಟ್ಟು ಕೂತಿದ್ದ. ಅಷ್ಟರಲ್ಲಾಗಲೇ ಕೆಳಕೇರಿಯ ರೈತ ಒನೊದೆರಾ ಪಕ್ಕದ ತಾಡಪಾಲಿನ ಮೇಲೆ ಅಂಗಾತ ಬಿದ್ದುಕೊಂಡಿದ್ದ. ಮುಖದ ಮೇಲೆ ಅವನ ಎಂದಿನ ಹರಕು ಟೋಪಿ, ಕೈಗೆ ಗವಸು, ಅಂಚಿನಲ್ಲಿ ಒಪ್ಪವಾಗಿ ಜೋಡಿಸಿಟ್ಟ ಬೂಟು.

ಆಳಿಲ್ಲದ ತಾಡಪಾಲನ್ನು ಗುಡಿಯವರು ಸುತ್ತಿ ಒಯ್ಯುತ್ತಾರೆ. ಎರಡು ಸಲ ಸುತ್ತು ಹಾಕಿದ ಪೂಜಾರಿ, "ಪಾಪ, ಬೆಳಗಿಂದ ಕಾಯ್ತಿದ್ದೀರಿ" ಎಂದು ಇಬ್ಬರಿಗೂ ಬಾಗಿ ವಂದಿಸಿ ಹೋಗಿದ್ದ.

ಸುತ್ತಲೆಲ್ಲ ಕಾಗೆಗಳು ಜನರ ಅನ್ನದುಂಡೆ ಕಸಿಯುತ್ತಿದ್ದವು. ಇವರ ಬಳಿ ಒಂದೂ ಸುಳಿಯಲಿಲ್ಲ. ಅದು ತನ್ನ ಮುಖದ ಗಾಂಭೀರ್ಯ ಎಂದುಕೊಂಡ ತೆತ್ಸುಜಿ.

ಹತ್ತರ ಹೊತ್ತಿಗೆ, ಬೆಳಗಿನಿಂದ ಕುಡಿದ ಬಾರ್ಲಿ ಚಹಾ ತನ್ನ ಕೆಲಸ ತೋರಿಸಿತು. ಶೌಚಾಲಯಕ್ಕೆ ನೂರು ಮೆಟ್ಟಿಲು ಇಳಿಯಬೇಕು.

"ಒನೊದೆರಾ, ಐದು ನಿಮಿಷ ನೋಡ್ಕೊಳ್ತೀಯೇನಯ್ಯಾ? ಪೂಜಾರಿ ಬಂದ್ರೆ, ಈಗ ಬರ್ತಾನೆ ಅನ್ನು."

ಟೋಪಿ ಅಲುಗಲಿಲ್ಲ.

"ಹೋದ ವರ್ಷ ನಿನ್ನ ತಾಡಪಾಲು ಒಂದು ಮೊಳ ಸರಿಸಿದ್ದು ನಾನೇ. ತಪ್ಪಾಯ್ತು ಮಾರಾಯ!"

ತೆತ್ಸುಜಿ ಮೊಣಕಾಲೂರಿ ಇನ್ನಷ್ಟು ಹತ್ತಿರ ಸರಿದ.

"ಅರ್ಧ ಜಾಗ ನಿಂಗೇ... ಆಯ್ತಪ್ಪ, ಬುಡದವರೆಗೂ ನಿಂಗೇ! ಎಂಥಾ ಚೌಕಾಸಿ ಗಿರಾಕಿಯೋ ನೀನು!"

ಗಾಳಿಗೆ ಟೋಪಿ ಚೂರು ಆಡಿತು. ಒಪ್ಪಿ ತಲೆಯಾಡಿಸಿದನೆಂದು ತೆತ್ಸುಜಿ ತನ್ನ ತಾಡಪಾಲನ್ನು ತಾನೇ ಕಸದ ಡಬ್ಬಿಯವರೆಗೆ ಎಳೆದು, ಕೈಮುಗಿದು, ಬೂಟು ಮೆಟ್ಟಿಕೊಂಡು ಓಡಿದ.

ಹಿಂದಿರುಗಿದಾಗ ಅವನ ತಾಡಪಾಲೇ ಇಲ್ಲ.

"ಒಂದು ಮಾತು ಹೇಳೋಕಾಗ್ಲಿಲ್ವಾ ನಿಂಗೆ? ಮನುಷ್ಯನಾ ನೀನು?" ಎಂದು ಕೂಗಿದ.

"ಯಾರ ಹತ್ರ ಕಣಯ್ಯಾ ಜಗಳ?"

ತಿರುಗಿದರೆ, ಕೊರಳಿಗೆ ಟವೆಲ್ಲು, ಬಿಸಿನೀರ ಸ್ನಾನಕ್ಕೆ ಕೆಂಪೇರಿದ ಮುಖ: ಮೆಟ್ಟಿಲ ಮೇಲೆ ಒನೊದೆರಾ.

"ನಿನ್ನ ಅತ್ತೆಯವರನ್ನ ಇಲ್ಲೇ ಕೂರ್ಸು, ಎಲ್ಲರೂ ಒಟ್ಟಿಗೇ ಕೂರೋಣ. ಇವನು ಎದ್ದು ಜಾಗ ಕೊಡ್ತಾನೆ. ನಾಳೆ ಬಿತ್ತನೆ, ಹೇಗೂ ಗದ್ದೇಲಿ ಡ್ಯೂಟಿ ಇದೆ ಇವನಿಗೆ."

ಒನೊದೆರಾ ತನ್ನ ಟೋಪಿ ತೊಟ್ಟು ಮಲಗಿದ್ದ ಹುಲ್ಲಿನ ಬೆರ್ಚಪ್ಪನನ್ನು ಕೊರಳಪಟ್ಟಿ ಹಿಡಿದೆತ್ತಿ, ಮರದ ಹಿಂದೆ ಬೋರಲು ಹಾಕಿದ. ಬೆಳಗಿನಿಂದ ಕಾಯುತ್ತಿದ್ದ ಕಾಗೆಯೊಂದು ತಕ್ಷಣ ಇಳಿದು ತೆತ್ಸುಜಿಯ ಕಾಲಲ್ಲಿದ್ದ ಬೂಟಿನ ಮೇಲೆ ಕೂತಿತು.