ತೊಲೆಯ ತುಂಡು

"ಏಯ್, ಅದನ್ನ ಮೇಜಿನ ಮೇಲೆ ಇಡಬೇಡ!"

ಗಾದ್ರಮ್ಮ ಬೆಚ್ಚಿದಳು. ಚೀಲದಿಂದ ಅರ್ಧ ಹೊರತೆಗೆದಿದ್ದ ಕಾಂಕ್ರೀಟ್ ತುಂಡನ್ನು ಎದೆಗೊತ್ತಿಕೊಂಡು ನಿಂತಳು. ಗೇಣುದ್ದದ ತುಂಡು. ಬೂದು ಪುಡಿ ಸೀರೆಯ ಮೇಲೆಲ್ಲ ಉದುರಿತು.

ಕೂಗಿದವರು ಡಾ. ಗುರುಬಸವರಾಜ್. ಚನ್ನಗಿರಿಯ ಹೊರವಲಯದಲ್ಲಿರುವ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದ ನಿರ್ದೇಶಕರು. ಕೇಂದ್ರ ಶುರುವಾಗಿ ಎಂಟು ವರ್ಷವಾದರೂ ಅರ್ಧದಷ್ಟು ಯಂತ್ರಗಳ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿಲ್ಲ. ವಿಶ್ವವಿದ್ಯಾಲಯದ ತಪಾಸಣೆ ತಂಡ ಬಂದ ದಿನ ಧೂಳು ಒರೆಸುತ್ತಾರೆ, ತಂಡ ಊಟ ಮುಗಿಸಿ ಹೋದ ಮೇಲೆ ಮರೆಯುತ್ತಾರೆ. ಅಲ್ಲಿ ನಿಜವಾಗಿ ದುಡಿಯುತ್ತಿದ್ದದ್ದು ಒಂದೇ ಯಂತ್ರ, ಕಾಂಕ್ರೀಟನ್ನು ಅದುಮಿ ಒಡೆದು ಅದರ ಬಲ ಅಳೆಯುವಂಥದ್ದು. ಅದರ ವರದಿಗಳಿಗೂ ಒಂದು ಪದ್ಧತಿಯಿತ್ತು. ಸ್ಥಳದ ಹೆಸರನ್ನು ಖಾಲಿ ಬಿಟ್ಟು ನಿರ್ದೇಶಕರು ಸಹಿ ಹಾಕುತ್ತಿದ್ದರು. ಒಂದೇ ವರದಿ ಹೊನ್ನಾಳಿ ಕಡೆಯ ಮೋರಿಗೂ ಆಗುತ್ತಿತ್ತು, ನ್ಯಾಮತಿ ಕಡೆಯ ಗೋದಾಮಿಗೂ ಆಗುತ್ತಿತ್ತು. ಗುತ್ತಿಗೆದಾರರು ಇದನ್ನು ಸಹಕಾರ ಎಂದು ಹೊಗಳುತ್ತಿದ್ದರು.

"ಎಲ್ಲಿಂದ ಬಂದೆ?"

"ಜಗಳೂರಿಂದ ರೀ."

"ಅಲ್ಲಿಂದ ಈ ಕಲ್ಲು ಹೊತ್ಕೊಂಡು ಬಂದ್ಯಾ? ಭೀಮೇಶ್, ಬಾರಯ್ಯ ಇಲ್ಲಿ, ಹೊಸ ವಿಜ್ಞಾನಿ ಬಂದವ್ಳೆ ನೋಡು!"

ಯಂತ್ರ ನಡೆಸುವ ಭೀಮೇಶ್ ಬಂದು ನಿಂತ. ನಗಲಿಲ್ಲ.

"ಭಾನುವಾರ ನನ್ನ ಮಗಳು ಇದನ್ನ ಮನೆಗೆ ತಂದಳು ರೀ," ಎಂದಳು ಗಾದ್ರಮ್ಮ. "ಅವಳು ಓದೋ ಜಾಗದಾಗೆ ತೊಲೆಯಿಂದ ಬಿದ್ದಿದ್ದು. ಅವಳು ಕೂರೋ ಕಡೆಯಿಂದ ಒಂದು ಮೊಳ ಅತ್ಲಾಗೆ. ನಾನು ಇಪ್ಪತ್ತೆರಡು ವರ್ಷ ಗಾರೆ ಕೆಲಸದಾಗೆ ಬಾಂಡ್ಲಿ ಹೊತ್ತೀನಿ. ಉಗುರಲ್ಲಿ ಕೆರೆದರೆ ಮರಳು ಬರ್ತೈತೆ. ಇದು ನಿಲ್ಲಲ್ಲ ರೀ. ನೀವು ಒಂದು ಚೀಟಿ ಬರೆದು ಕೊಟ್ರೆ ಮಕ್ಕಳನ್ನ ಹೊರಗೆ ಕರೀತೀನಿ."

"ಅಲ್ಲಿನ ದೊಡ್ಡವರಿಗೆ ಹೇಳೋದು ಬಿಟ್ಟು ಇಲ್ಲಿಗ್ಯಾಕೆ ಬಂದೆ?"

"ಮಗಳು ಅರ್ಜಿ ಕೊಟ್ಟಿದ್ಲು. 'ಬಣ್ಣ ಹೊಡೆಸಿ' ಅಂತ ಮೂಲೆಯಾಗೆ ಬರೆದು ವಾಪಸ್ ಕಳ್ಸಿದ್ರಂತೆ. ಜಾಸ್ತಿ ಮಾತಾಡಿದ್ರೆ ಫೇಲ್ ಮಾಡ್ತಾರೆ ಅಂತ ಹೆದರ್ತಾಳೆ."

ಗುರುಬಸವರಾಜ್ ಕುರ್ಚಿಗೊರಗಿ ನಕ್ಕರು. "ಬಣ್ಣ! ತೊಲೆ ಉದುರಿದ್ರೆ ಬಣ್ಣ! ಬರೆದೋನು ಏನು ಓದಿದಾನೆ, ಒಂದನೇ ಕ್ಲಾಸಾ?"

"ಬಾಳ ಓದಿದಾರೆ ರೀ."

ಮೇಲಿನ ಮಹಡಿಯಲ್ಲಿ ಯಾರೋ ಸ್ಟೂಲು ಎಳೆದ ಸದ್ದಾಯಿತು. ಗಾದ್ರಮ್ಮ ತಟ್ಟನೆ ತಲೆಯೆತ್ತಿದಳು.

"ಮೇಲೆ ಸಂಶೋಧನೆ ಮಾಡ್ತಾರೆ. ಅದೆಲ್ಲ ನಿಂಗೆ ಅರ್ಥ ಆಗಲ್ಲ," ಎಂದರು ಗುರುಬಸವರಾಜ್. "ನೋಡು, ನಿಯಮದ ಪ್ರಕಾರ ಪತ್ರ ಬೇಕು, ಅಚ್ಚಿನಲ್ಲಿ ಎರೆದ ಕಾಂಕ್ರೀಟ್ ಬೇಕು. ಕೈಗೆ ಸಿಕ್ಕ ಹೆಂಟೆ ತಂದ್ರೆ ನಡೆಯಲ್ಲ. ಹೋಗು."

ಗಾದ್ರಮ್ಮ ಹೋಗಲಿಲ್ಲ. ಅಳಲೂ ಇಲ್ಲ. ಬಾಗಿಲ ಹತ್ತಿರ ಹಾಗೇ ನಿಂತಳು. ಕಾಲು ಗಂಟೆ ಕಳೆಯಿತು. ಸಾಹೇಬರ ಕಾಫಿ ಬಂತು, ಮುಗಿಯಿತು. ಅವಳು ನಿಂತೇ ಇದ್ದಳು.

"ಲೇ ಭೀಮೇಶ್, ಒಡೆದು ತೋರಿಸಿ ಕಳಿಸಯ್ಯ ಆ ಯಮ್ಮನ್ನ. ಶನಿಕಾಟ."

ಭೀಮೇಶ್ ತುಂಡನ್ನು ತಿರುಗಿಸಿ ನೋಡಿದ. ಒಂದು ಮಗ್ಗುಲಲ್ಲಿ ತಿಳಿಹಸಿರು ಬಣ್ಣ ಅಂಟಿತ್ತು. ಅವನು ಗಾದ್ರಮ್ಮನ ಮುಖ ನೋಡಿದ. ಅವಳೂ ನೋಡಿದಳು. ಆಮೇಲೆ ತುಂಡಿನ ಬದಿಗಳನ್ನು ಕತ್ತರಿಸಿ ಸಮ ಮಾಡಿ ಯಂತ್ರದೊಳಗಿಟ್ಟ.

ಯಂತ್ರ ಗುಂಯ್ ಎಂದಿತು. ಮುಳ್ಳು ಏರತೊಡಗಿದ್ದಷ್ಟೆ, ಪುಸಕ್ಕನೆ ತುಂಡು ಕುಸಿಯಿತು.

"ಬಲ ಇಪ್ಪತ್ತು ಬರಬೇಕಿತ್ತು ಸಾರ್," ಎಂದ ಭೀಮೇಶ್. "ಆರಕ್ಕೇ ಹೋಯ್ತು."

ಗುರುಬಸವರಾಜ್ ಎದ್ದು ಬಂದು ಪುಡಿಯನ್ನು ಬೆರಳಲ್ಲಿ ಮುಟ್ಟಿದರು. ಈಗ ಅವರ ತಿರಸ್ಕಾರಕ್ಕೆ ಬೇರೆ ಗುರಿ ಸಿಕ್ಕಿತು. "ಥೂ! ಇದು ಕಾಂಕ್ರೀಟಾ? ಮಂಡಕ್ಕಿ ಇದಕ್ಕಿಂತ ಗಟ್ಟಿ. ಇದಕ್ಕೆ ಗಟ್ಟಿಮುಟ್ಟಾಗಿದೆ ಅಂತ ಸರ್ಟಿಫಿಕೇಟ್ ಕೊಟ್ಟ ಪುಣ್ಯಾತ್ಮ ಯಾರು? ಅವನನ್ನ ತಂದು ಇದೇ ತೊಲೆ ಕೆಳಗೆ ಕೂರಿಸಬೇಕು."

"ಅವ್ರೂ ದಿನಾ ಅದರ ಕೆಳಗೇ ಕೂರ್ತಾರೆ ರೀ."

"ಹಂಗಾದ್ರೆ ಮೂರ್ಖ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಎಷ್ಟು ಮಕ್ಕಳು ಅಲ್ಲಿ?"

"ಹದಿನಾರು ರೀ. ಬೆಳಿಗ್ಗೆ ಹೋದ್ರೆ ಸಂಜೆತನಕ ಅಲ್ಲೇ."

"ಬರ್ಕೊ ಭೀಮೇಶ್. 'ಕಟ್ಟಡ ಬಳಕೆಗೆ ಯೋಗ್ಯವಲ್ಲ. ಒಳಗಿರುವವರನ್ನು ಕೂಡಲೇ ತೆರವು ಮಾಡತಕ್ಕದ್ದು.' ಆ ಊರಿನ ದಡ್ಡರಿಗೂ ಅರ್ಥ ಆಗೋ ಹಂಗೆ ದಪ್ಪ ಅಕ್ಷರದಲ್ಲಿ ಬರಿ."

"ಸ್ಥಳ ಏನಂತ ಬರೀಲಿ ಸಾರ್?" ಭೀಮೇಶನ ದನಿ ಸಣ್ಣಗಾಗಿತ್ತು.

"ಖಾಲಿ ಬಿಡು, ಆಮೇಲೆ ತುಂಬ್ಕೊ. ಅದೇನು ಹೊಸದಾ ನಮಗೆ?"

ಸಹಿ ಬಿತ್ತು. ಮೊಹರು ಬಿತ್ತು. ಗಾದ್ರಮ್ಮ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಓದಲು ಬಾರದಿದ್ದರೂ ಸಹಿಯ ಮೇಲೆ ಒಮ್ಮೆ ಬೆರಳಾಡಿಸಿದಳು.

"ಇದನ್ನ ಯಾರೂ ಸುಳ್ಳು ಅನ್ನಲ್ಲ ಅಲ್ಲೇನ್ರೀ?"

"ನನ್ನ ಸಹಿಯನ್ನಾ? ಈ ಜಿಲ್ಲೆಯಲ್ಲಿ ಯಾವನಿಗಿದೆ ಧೈರ್ಯ? ಹೋಗು, ಓಡು. ಮಾತಾಡ್ತಾ ನಿಂತ್ಕೋಬೇಡ, ಮೊದಲು ಮಕ್ಕಳನ್ನ ಹೊರಗೆ ಹಾಕು."

ಗಾದ್ರಮ್ಮ ಓಡಿದಳು, ಗೇಟಿನ ಕಡೆಗಲ್ಲ. ಅದೇ ವರಾಂಡದ ತಿಳಿಹಸಿರು ಗೋಡೆಯ ಪಕ್ಕದ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ, ಮೇಲಿನ ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಏದುಸಿರಿನಲ್ಲಿ ಕರೆದಳು: "ದುರ್ಗಾಂಬಿಕಾ, ಎಲ್ಲಾರ್ನೂ ಕರ್ಕೊಂಡು ಕೆಳಗಿಳಿ ಮಗಾ. ನಿಮ್ಮ ಸಾಹೇಬ್ರೇ ಸಹಿ ಹಾಕಿ ಕೊಟ್ಟಾರೆ."