ಅರವತ್ತೆರಡು ಸಲ

"ಅಳಿಸಿಬಿಡಪ್ಪ," ಎಂದರು ಕ್ವಾರಿಯ ಮಾಲೀಕ ವೆಂಕಟರಾಯಪ್ಪ. "ಗೌರಿಬಿದನೂರಿನ ಪಾರ್ಟಿ ಮೂರು ಗಂಟೆಗೆ ಬರ್ತೀವಿ ಅಂದವ್ರೆ. ಅವರು ಕೀ ತಿರುಗಿಸಿದಾಗ ಪರದೆ ಮೇಲೆ ಒಂದಕ್ಷರ ಕಾಣಬಾರ್ದು."

ಪೆರೇಸಂದ್ರದಾಚೆಯ ಶೆಡ್ಡಿನಲ್ಲಿ, ಮಾರಾಟಕ್ಕೆಂದು ಹೊಸ ಹಳದಿ ಬಣ್ಣ ಬಳಿಸಿಕೊಂಡು ನಿಂತಿದ್ದ ಹಳೆಯ ಎಕ್ಸ್‌ಕವೇಟರಿನೊಳಗೆ ಎಲೆಕ್ಟ್ರಿಷಿಯನ್ ಗಂಗಾಧರ್ ಕೂತಿದ್ದ. ಬಣ್ಣ ಬಳಿದವನ ಕೈಗೆ ಪರದೆ ಮಾತ್ರ ಸಿಕ್ಕಿರಲಿಲ್ಲ. ಅದರ ಮೇಲೆ ಇ-೦೩ ಎಂದು ಮಿಣುಕುತ್ತಿತ್ತು. ಮೇಲಿನ ಬಾಡಿ ತಾನಾಗಿ ತಿರುಗದಂತೆ ಹಿಡಿಯುವ ಬ್ರೇಕಿನ ಕಾಯಿಲ್ ಸುಟ್ಟಿದೆ ಎಂದು ಅದರ ಅರ್ಥ.

"ಕಾಯಿಲ್ ಬದಲಾಯಿಸದೆ ಅಳಿಸಿದ್ರೆ, ಕೀ ಹಾಕ್ತಿದ್ದಂಗೇ ಮತ್ತೆ ಬರ್ತದೆ ಸಾವ್ಕಾರ್ರೆ."

"ಬದಲಾಯಿಸು ಮತ್ತೆ. ಅಲ್ಲೈತೆ ನೋಡು, ಬೆಳಿಗ್ಗೆ ಫಸ್ಟ್ ಬಸ್ಸಿಗೆ ಬೆಂಗಳೂರಿಂದ ತರಿಸಿವ್ನಿ."

ಎಂಟು ತಿಂಗಳ ಹಿಂದೆ ಗಂಗಾಧರ್ ಕೇಳಿದ್ದು ಇದೇ ಕಾಯಿಲನ್ನು. ಆಗ ಬೆಂಗಳೂರು ಬಹಳ ದೂರವಿತ್ತು. 'ಮುಂದಿನ ವಾರ ತರಿಸೋಣ, ಇವತ್ತಿಗೆ ಏನಾದ್ರೂ ಮಾಡಿ ಓಡ್ಸು' ಎಂದಿದ್ದರು. ಕಾಯಿಲ್ ಕೆಟ್ಟರೆ ಬ್ರೇಕ್ ಕಚ್ಚಿಕೊಂಡು ಬಾಡಿ ತಿರುಗುವುದಿಲ್ಲ. ಎಮರ್ಜೆನ್ಸಿ ಸ್ವಿಚ್ ಒತ್ತಿದರೆ ಬ್ರೇಕೇ ಬಿಟ್ಟುಹೋಗಿ ಸಲೀಸಾಗಿ ತಿರುಗುತ್ತದೆ. ಒಂದು ದಿನದ ಮಟ್ಟಿಗೆ ಎಂದು ಗಂಗಾಧರ್ ಅದನ್ನು ಒತ್ತಿದ. ಆ ಒಂದು ದಿನ ಎರಡು ತಿಂಗಳು ನಡೆಯಿತು. ಕೊನೆಗೊಂದು ಬೆಳಿಗ್ಗೆ, ಇಳಿಜಾರಿನಲ್ಲಿ ನಿಂತಿದ್ದ ಗಾಡಿಯ ಬಾಡಿ ತನ್ನಷ್ಟಕ್ಕೆ ತಿರುಗಿ, ಕೆಳಗೆ ಗ್ರೀಸ್ ಹಾಕುತ್ತಿದ್ದ ಆಪರೇಟರ್ ಎರ್ರಪ್ಪನ ಎಡಗಾಲನ್ನು ಬಂಡೆಗೆ ಒತ್ತಿ ಅರೆಯಿತು.

ಊರಿನ ನ್ಯಾಯ ಆಂಜನೇಯನ ಗುಡಿಯಲ್ಲಿ ಸೇರಿತು. ಗುಡಿ ಕಮಿಟಿಗೂ ವೆಂಕಟರಾಯಪ್ಪನವರೇ ಅಧ್ಯಕ್ಷರಾದ್ದರಿಂದ ದೇವರಿಗೆ ಹೆಚ್ಚು ತೊಂದರೆಯಾಗಲಿಲ್ಲ. ಅವರು ಒಳಗೆ ಹೋಗಿ, 'ಗಾಡಿಯಲ್ಲಿ ದೋಷ ಇರಲಿಲ್ಲ, ಇವನು ಕುಡಿದಿದ್ದ' ಎಂದು ಉರಿಯುವ ಕರ್ಪೂರ ಆರಿಸಿ ಪ್ರಮಾಣ ಮಾಡಿದರು. ನಾನೂ ಮಾಡ್ತೀನಿ ಎಂದ ಎರ್ರಪ್ಪ. ಅವನ ಕೇರಿಯವರು ಹೊಸ್ತಿಲು ದಾಟುವಂತಿಲ್ಲ. ಬೀದಿಯಲ್ಲಿ ನಿಂತು ಮಾಡಿದ್ದು ಪ್ರಮಾಣವಲ್ಲ. ಹೀಗೆ, ಇಬ್ಬರಿಗೂ ಸಮಾನ ಅವಕಾಶ ಕೊಟ್ಟು ನೋಡಲಾಗಿ ಒಬ್ಬರು ಮಾತ್ರ ಪ್ರಮಾಣ ಮಾಡಿದರೆಂದು ಹಿರಿಯರು ತೀರ್ಮಾನ ಬರೆದರು. ಆ ಕಾಗದ ಈಗ, ಹೊಸದಾಗಿ ಜಿಲ್ಲೆಯಾದ ಚಿಕ್ಕಬಳ್ಳಾಪುರದ ಕಾರ್ಮಿಕ ಕಚೇರಿ ತಲುಪಿತ್ತು. ಸೋಮವಾರ ವಿಚಾರಣೆ. ಕುಡಿದಿದ್ದ ಎಂದಾದರೆ ಎರ್ರಪ್ಪನಿಗೆ ಪರಿಹಾರವೂ ಇಲ್ಲ, ಇನ್ನೊಂದು ಕಡೆ ಕೆಲಸವೂ ಇಲ್ಲ.

ಹೊಸ ಕಾಯಿಲ್ ಕೂರಿಸಲು ಗಂಗಾಧರನಿಗೆ ಹಿಡಿದದ್ದು ಹನ್ನೊಂದು ನಿಮಿಷ. ಹಳೆಯದನ್ನು ಕೈಯಲ್ಲಿ ಹಿಡಿದು ತಿರುಗಿದರೆ, ಊರುಗೋಲು ಊರಿಕೊಂಡು ಎರ್ರಪ್ಪ ನಿಂತಿದ್ದ.

"ಇಷ್ಟೇನಾ ಗಂಗಣ್ಣ ಅದು?"

"ಏಮ್ರಾ ಎರ್ರಾ," ಎಂದರು ವೆಂಕಟರಾಯಪ್ಪ, "ಗಿರಾಕಿ ಬರೋ ಹೊತ್ತಿಗೆ ಎದುರಿಗೆ ಬಂದು ನಿಂತಿದ್ದೀಯಲ್ಲ."

"ನಂದೊಂದು ಕಾಲು ಇದರತ್ರ ಐತಲ್ಲ ಸಾವ್ಕಾರ್ರೆ. ಮಾರೋಕ್ ಮುಂಚೆ ಒಂದ್ಸಲ ನೋಡ್ಕೊಂಡು ಹೋಗಣ ಅಂತ ಬಂದೆ." ಅವನು ಗಂಗಾಧರನ ಕಡೆ ತಿರುಗಿದ. "ಗಾಡಿ ತನ್ನ ಕಾಯಿಲೆನೆಲ್ಲ ಒಳಗೇ ಬರ್ಕೊಂತದೆ ಅಂತ ನೀನೇ ಅಂದಿದ್ದೆ. ಅದನ್ನ ಓದಿ ಬರ್ಕೊಡು. ಸೋಮವಾರಕ್ಕೆ ಬೇಕು."

"ಗಾಡಿ ಏನು ಕರ್ಪೂರ ಆರಿಸಿ ಬರ್ಕೊಂತದಾ? ಅಳಿಸಯ್ಯ ನೀನು."

ಗಂಗಾಧರ್ ಮತ್ತೆ ಗಾಡಿಯೊಳಗೆ ಹತ್ತಿ ಕೂತ. ಪರದೆಯ ಪಕ್ಕದ ಗುಂಡಿಯನ್ನು ಐದು ಸೆಕೆಂಡು ಒತ್ತಿ ಹಿಡಿದರೆ ಸಾಕು. ಗಾಡಿಯ ನೆನಪೂ ಹೋಗುತ್ತದೆ, ಗಂಗಾಧರನ ತಪ್ಪೂ ಹೋಗುತ್ತದೆ. ಪ್ರಮಾಣದ ದಿನ ಗುಡಿಯ ಮುಂದೆ ಅವನೂ ನಿಂತಿದ್ದ, ನಾಲಿಗೆಯನ್ನು ಮನೆಯಲ್ಲಿಟ್ಟು ಬಂದವನಂತೆ. ಅವನ ಹೆಬ್ಬೆರಳು ಗುಂಡಿಯ ಮೇಲೆ ಕೂತಿತು. ಒಂದು, ಎರಡು ಎಂದು ಎಣಿಸಿ ಎತ್ತಿಕೊಂಡ.

"ಇ-ಸೊನ್ನೆ-ಮೂರು," ಎಂದು ಓದಿದ, ಬಿಲ್ ಪುಸ್ತಕ ತೆಗೆದು ಬರೆಯುತ್ತಲೇ. "ಅರವತ್ತೆರಡು ಸಲ ತೋರಿಸೈತೆ. ಮೊದಲ್ನೇ ಸಲ ತೋರಿಸಿದ್ಮೇಲೆ ನಾನೂರ ಎಂಬತ್ತು ಗಂಟೆ ಕೆಲಸ ಮಾಡೈತೆ."

ವೆಂಕಟರಾಯಪ್ಪನವರ ಮುಖ ಕಪ್ಪಿಟ್ಟಿತು. ಮರುಕ್ಷಣವೇ ಬೆಳಗಿತು. "ಓದಪ್ಪ, ಚೆನ್ನಾಗಿ ಓದು. ಸ್ವಿಚ್ ಒತ್ತಿದ್ದು ಯಾರ ಕೈ ಅಂತಲೂ ಅದರಲ್ಲಿ ಐತಾ?"

"ಅದಿಲ್ಲ. ಅದನ್ನ ನಾನೇ ಬರೀತಿದೀನಿ." ಗಂಗಾಧರ್ ಕೆಳಗೊಂದು ಸಾಲು ಬರೆದು, ಸಹಿ ಹಾಕಿ, ಹಾಳೆ ಹರಿದು ಎರ್ರಪ್ಪನಿಗೆ ಕೊಟ್ಟ. "ಒತ್ತಿದ್ದು ನಾನು."

"ಕೇಳಿದ್ಯೇನಯ್ಯ ಎರ್ರಪ್ಪಾ?" ಆರು ತಿಂಗಳಲ್ಲಿ ಮೊದಲ ಬಾರಿಗೆ ವೆಂಕಟರಾಯಪ್ಪನವರ ದನಿಯಲ್ಲಿ ಕರುಣೆ ಉಕ್ಕಿತು. "ಬ್ರೇಕಿಲ್ದಿರೋ ಗಾಡಿನ ನಿನ್ನ ಕೈಗೆ ಕೊಟ್ಟೋನು ಇವನು. ನಿನ್ನ ಕಾಲು ತೆಗೆದೋನು ಇವನು, ನಾನಲ್ಲ. ಬ್ರೇಕೇ ಇಲ್ಲ ಅಂದ್ಮೇಲೆ ನೀನಾದ್ರೂ ಏನು ಮಾಡೋಕಾಗ್ತಿತ್ತು, ಪಾಪ."

ಎರ್ರಪ್ಪ ಹಾಳೆಯನ್ನು ಮಡಿಚಿ ಜೇಬಿಗಿಟ್ಟುಕೊಂಡ. ಗಂಗಾಧರನ ಮುಖ ನೋಡಲಿಲ್ಲ.

"ಇವನನ್ನ ಆಮೇಲೆ ವಿಚಾರಿಸ್ಕೊಂತೀನಿ," ಎಂದ. "ಗಾಡಿಗೆ ಬ್ರೇಕಿರ್ಲಿಲ್ಲ, ತಪ್ಪು ನಂದಲ್ಲ ಅಂತ ಈಗ ನಿಮ್ಮ ಬಾಯಲ್ಲೇ ಬಂತಲ್ಲ ಸಾವ್ಕಾರ್ರೆ. ಸೋಮವಾರನೂ ಇಷ್ಟೇ ಜೋರಾಗಿ ಅನ್ನಿ. ಆ ಕಚೇರಿ ಒಳಕ್ಕೆ ನಾನೂ ಬರ್ತೀನಿ."